ಲಿನಕ್ಸ್ ಮಿಂಟ್ 22 ಹಾಕ್ಕೊಟ್ಟು ನಾಲ್ಕು ತಿಂಗಳು: ಕನ್ನಡ ಟೈಪಿಂಗ್ ಎಲ್ಲಾ ಡಿಸ್ಟ್ರೋಲೂ ಜೊತೇಲೇ ಬರ್ಬೇಕು

ನಮ್ ದೊಡ್ಡಪ್ಪಂಗೆ ಬೆಂಗ್ಳೂರಿನ ಎಸ್‌ಪಿ ರೋಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡ್ವಿ, 4 ಜಿಬಿ ರ‍್ಯಾಮ್, ಅದಕ್ಕೆ ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ 22 ಹಾಕ್ಕೊಟ್ಟೆ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರೋದು. ಲಿನಕ್ಸಿನ ಇಂಥ ಒಂದೊಂದು ರೂಪಕ್ಕೂ ಡಿಸ್ಟ್ರೋ ಅಂತಾರೆ. ಆರಾಮಾಗಿ ಓಡ್ತಿದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಡಿಯೋ ಪ್ಲೇಯರ್ ಎಲ್ಲಾ ಮೊದಲೇ ಇರತ್ತೆ. ಉಬುಂಟು ಅನ್ನೋ ಇನ್ನೊಂದು ಡಿಸ್ಟ್ರೋಲಿ 23.10 ವರ್ಷನ್ ಇಂದ ಡೀಫಾಲ್ಟ್ ಇನ್‌ಸ್ಟಾಲ್ ಅಂದ್ರೆ ಬ್ರೌಸರ್ ಮತ್ತೆ ಬೇಸಿಕ್ ಟೂಲ್ಸ್ ಅಷ್ಟೇ, ಆಫೀಸ್ ಬೇಕಂದ್ರೆ ದೊಡ್ಡ ಆಪ್ಷನ್ ಆರಿಸ್ಕೋಬೇಕು, ವಯಸ್ಸಾದವ್ರಿಗೆ ಹಾಕ್ಕೊಡೋವಾಗ ಮಿಂಟ್ ಥರ ಎಲ್ಲಾ ಇದ್ರೇನೇ ವಾಸಿ.

ಆದ್ರೆ ಆನ್ ಮಾಡಿದ್ ತಕ್ಷಣ ಅವ್ರು ಕೇಳಿದ್ದು ಒಂದೇ, "ಕನ್ನಡ ಎಲ್ಲಪ್ಪಾ ಇದ್ರಲ್ಲಿ?" ಹದಿನೈದು ವರ್ಷ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ಕೈ ಅದು, ಕೆ ಎನ್ ಎಫ್ ಎನ್ ಡಬ್ಲ್ಯೂ ಒತ್ತಿದ್ರೆ 'ಕನ್ನಡ' ಅಂತ ಬರ್ಬೇಕು, ಎಫ್ ಒತ್ತಿದ್ರೆ ಮುಂದಿನ ಅಕ್ಷರ ಒತ್ತಾಗಿ ಕೂರ್ಬೇಕು, ಬೆರಳಿಗೇ ಗೊತ್ತು ಅದೆಲ್ಲ. ಓದೋಕೆ ಫಾಂಟ್ ಇದೆ, ಬರಿಯೋಕೆ ಅವ್ರಿಗೆ ಗೊತ್ತಿರೋ ದಾರಿ ಕಾಣ್ಲಿಲ್ಲ. ಕೊನೆಗೆ ಐಬಸ್-ಎಂ17ಎನ್ ಅನ್ನೋ ಪ್ಯಾಕೇಜ್ (ಐಬಸ್ ಅಂದ್ರೆ ಬೇರೆ ಬೇರೆ ಭಾಷೇಲಿ ಟೈಪ್ ಮಾಡಿಸೋ ಟೂಲು) ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬಂದು, ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತಿರೋದನ್ನ ಸೇರಿಸಿದ್ಮೇಲೆ ಸರಿಹೋಯ್ತು, ಅದು ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಅದೇ ಕೀಬೋರ್ಡ್ ಲೇಔಟು. ಗೊತ್ತಿದ್ರೆ ಐದ್ ನಿಮಿಷದ ಕೆಲಸ. ಗೊತ್ತಿಲ್ದೇ ಇರೋರಿಗೆ? ಐಬಸ್-ಎಂ17ಎನ್ ಅನ್ನೋ ಹೆಸರು ಕೇಳಿ ಇದು ಕನ್ನಡ ಬರಿಯೋಕೆ ಅಂತ ಯಾರಿಗೆ ಹೊಳೆಯತ್ತೆ ಹೇಳಿ. ಇನ್‌ಸ್ಟಾಲ್ ಮಾಡೋಕೆ ಡೌನ್‌ಲೋಡ್ ಮಾಡ್ಕೊಳ್ಳೋ ಐಎಸ್‌ಒ ಫೈಲು ಎರಡೂವರೆ ಜಿಬಿ ದಾಟಿರತ್ತೆ, ಅದ್ರಲ್ಲಿ ಇದಕ್ಕೆ ಬೇಕಿರೋದು ಕೆಲವೇ ಎಂಬಿ. ಇನ್‌ಸ್ಟಾಲ್ ಮಾಡೋವಾಗ ಕನ್ನಡ ಅಂತ ಆರಿಸಿದ್ರೆ ಸಾಕು, ಇದು ತಾನಾಗೇ ಬಂದು ಕೂತಿರ್ಬೇಕು, ಮಿಂಟ್ ಒಂದಕ್ಕೇ ಅಲ್ಲ ಎಲ್ಲಾ ಡಿಸ್ಟ್ರೋಗೂ ಹೇಳ್ತಿದೀನಿ.

ಕೆಡಿಇ ಕನೆಕ್ಟ್ ಕೂಡ ನಾನೇ ಹಾಕಿದೆ, ಒಂದೇ ವೈಫೈಲಿದ್ರೆ ಫೋನಲ್ಲಿರೋ ಫೋಟೋ ಕೇಬಲ್ ಇಲ್ದೇ ಲ್ಯಾಪ್‌ಟಾಪಿಗೆ ಬರತ್ತೆ, ಇದೂ ಮೊದಲೇ ಇರ್ಬೇಕಾದ್ದೇ.

ಮಿಂಟಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಟೈಮ್‌ಶಿಫ್ಟ್, ಅಂದ್ರೆ ಸಿಸ್ಟಮ್ ಇದ್ದ ಹಾಗೇ ಒಂದು ನಕಲು (ಸ್ನ್ಯಾಪ್‌ಶಾಟ್) ತೆಗೆದಿಟ್ಟು, ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ತರೋ ಟೂಲು. ಜೊತೇಲೇ ಬರತ್ತೆ, 2022ರಿಂದ ಮಿಂಟ್ ತಂಡದವ್ರೇ ಅದನ್ನ ನೋಡ್ಕೊಳ್ತಿದಾರೆ. ಹೋದ ತಿಂಗಳು ಯಾವುದೋ ಗ್ರಾಫಿಕ್ಸ್ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಸ್ಕ್ರೀನ್ ಪೂರ್ತಿ ಕಪ್ಪು, ದೊಡ್ಡಪ್ಪ ಪಕ್ಕದಲ್ಲೇ ನಿಂತು ನೋಡ್ತಿದಾರೆ, ನಂಗೆ ಎದೆ ಧಸಕ್ ಅಂತು. ಇನ್‌ಸ್ಟಾಲ್ ಮಾಡಿದ್ ಪೆನ್‌ಡ್ರೈವಿಂದಾನೇ ಬೂಟ್ ಮಾಡಿ, ಟೈಮ್‌ಶಿಫ್ಟ್ ತೆಗೆದು, ಹಿಂದಿನ ದಿನದ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಕೊಟ್ಟೆ, ಕಾಫಿ ಕುಡಿಯೋಷ್ಟರಲ್ಲಿ ಎಲ್ಲಾ ಮೊದಲಿನ ಥರ. ಸ್ನ್ಯಾಪ್‌ಶಾಟ್ ಮಾತ್ರ ಮೊದಲ ದಿನವೇ ನಾವೇ ಆನ್ ಮಾಡಿಡ್ಬೇಕು, ಮರೀಬೇಡಿ. ಇನ್ನೊಂದು, ಅದು ಉಳಿಸೋದು ಸಿಸ್ಟಮ್ ಫೈಲ್ಸ್ ಅಷ್ಟೇ, ನಮ್ ಹೋಮ್ ಫೋಲ್ಡರ್‌ನ ತಾನಾಗಿ ತಗೊಳ್ಳಲ್ಲ, ಅದಕ್ಕೇ ದೊಡ್ಡಪ್ಪನ ಬರಹಗಳಿಗೆ ಬೇರೆ ಪೆನ್‌ಡ್ರೈವ್ ಕೊಟ್ಟಿದೀನಿ, ಪ್ರತಿ ಭಾನುವಾರ ತಿಂಡಿ ಆದ್ಮೇಲೆ ಅವ್ರೇ ಕಾಪಿ ಮಾಡ್ಕೊಳ್ತಾರೆ.