ಗೋಕುಲ ರೋಡ್ ಕಡಿ ಪೇಂಟ್ ಶಾಪ್: ಹಳೇ ಆಡಿ ಟಿಟಿ ಬಣ್ಣದ ಕೆಲಸ

ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕಾರ್ ತೊಗೊಂಡೇನ್ರಿ, 2ನೇ ಜನರೇಶನ್ದು, ಸಿಲ್ವರ್ ಮೆಟಾಲಿಕ್. ಎಲ್ಲಾ ಕಂಪನಿ ಪೇಂಟೇ ಅಂತ ಹೇಳಿ ಮಾರಿದ್ರು, ಆದ್ರ ಬಿಸಲಾಗ ನಿಂದ್ರಿಸಿ ನೋಡಿದ್ರ ಎಡಗಡಿ ಡೋರ್ ಕಿತ್ತಳಿ ಸಿಪ್ಪಿ ಹಂಗ ತರಿತರಿ, ಬೀಡಿಂಗ್ ರಬ್ಬರ್ ಮ್ಯಾಲೂ ಬಣ್ಣ ಹಾರಿತ್ತು. ಹುಬ್ಬಳ್ಳಿ ಗೋಕುಲ ರೋಡ್ ಕಡಿ ಈ ಶಾಪಿಗೆ ಒಯ್ದೆ.

ಮಿಸ್ತ್ರಿ ಭಾಳ ಶಾಣ್ಯಾ ಅದಾರ. ಈ ಗಾಡಿ ಬಾನೆಟ್ ಅಲ್ಯುಮಿನಿಯಂ, ಡೋರ್ ಸ್ಟೀಲ್, ಪೇಂಟ್ ದಪ್ಪ ಅಳಿಯೋ ಮೀಟರ್ ಬರೇ ಕಬ್ಬಿಣಕ್ಕ ನಡಿಯೋದಿದ್ರ ಬಾನೆಟ್ಟಿಗೆ ಬರಂಗಿಲ್ಲ ಅಂತ ಎರಡಕ್ಕೂ ನಡಿಯೋ ಮೀಟರ್ ಹಚ್ಚಿ ತೋರ್ಸಿದ್ರು: ಬಾನೆಟ್ 120 ಮೈಕ್ರಾನ್ ಆಸುಪಾಸು, ಡೋರ್ 300 ದಾಟಿತ್ತು, ಅಂದ್ರ ಪುಟ್ಟಿ (ತಗ್ಗು ತುಂಬೋ ಲೇಪ) ತುಂಬಿ ಮತ್ತ ಬಣ್ಣ ಹೊಡದಾರ.

ನಾ ಪೂರಾ ಗಾಡಿ ಹೊಡಿರಿ ಅಂದ್ರೂ ಮಿಸ್ತ್ರಿ ಬ್ಯಾಡ ಅಂದ್ರು, ಕಂಪನಿ ಪೇಂಟ್ ಉಳಿಸ್ಕೊಳ್ರಿ, ಅದಕ್ಕ ಬೆಲಿ ಅಂತ. ಡೋರ್ ಒಂದ ಕೆರದು ಹೊಡದು, ಮೆಟಾಲಿಕ್ ಶೇಡ್ ಬ್ಯಾರೆ ಕಾಣ್ಬಾರ್ದಂತ ಆಜೂಬಾಜೂ ಪ್ಯಾನೆಲ್ ಮ್ಯಾಲೆ ತೆಳ್ಳಗ ಬ್ಲೆಂಡ್ ಮಾಡಿ (ಬಣ್ಣ ಬೆರಸಿ) ಕ್ಲಿಯರ್ ಕೋಟ್ (ಮ್ಯಾಲಿನ ಬಣ್ಣಿಲ್ಲದ ಹೊಳಪಿನ ಪದರ) ಕೊಟ್ರು. ಈಗ ಬಿಸಲಾಗೂ ಗೊತ್ತಾಗಂಗಿಲ್ಲ, ಖರೇನ ಖುಷಿ ಆತು. ಡೋರ್ ಕೆಳಗ ಸಣ್ಣ ಧೂಳಿನ ಕಾಳು ಕುಂತಿದ್ವು, 2000 ನಂಬರ್ ಸ್ಯಾಂಡ್ ಪೇಪರ್ ತಿಕ್ಕಿ ಪಾಲಿಶ್ ಮಾಡಿಕೊಟ್ರು. ಡೆಲಿವರಿ ಮಾತ್ರ ಹೇಳಿದ್ದಕ್ಕಿಂತ ತಡಾ, ಫೋನ್ ಮಾಡಿ ಕೇಳ್ತಿರಬೇಕು. ಒಂದ್ ತಿಂಗಳು ವ್ಯಾಕ್ಸ್ ಹಚ್ಚಬ್ಯಾಡ್ರಿ, ಬಣ್ಣ ಒಳಗಿಂದ ಒಣಗ್ಲಿ ಅಂದಾರ.