ಕೆಂಚನ ತಟ್ಟೆಯ ಲೆಕ್ಕ: ಮಿತ ಖರ್ಚಿನಲ್ಲಿ ನಾಯಿಮರಿಗೆ ಒಳ್ಳೆಯ ಆಹಾರ

ಕಳೆದ ಆಷಾಢದ ಮಳೆಯಲ್ಲಿ, ಶಿವಮೊಗ್ಗದ ನಮ್ಮ ಬೀದಿಯ ಚರಂಡಿಯ ಪಕ್ಕದಲ್ಲಿ ನೆನೆದು ನಡುಗುತ್ತಿದ್ದ ಊರುನಾಯಿಯ ಮರಿಯೊಂದನ್ನು ಮನೆಗೆ ತಂದಾಗ ಅದಕ್ಕೆ ಸುಮಾರು ಏಳು ವಾರವಾಗಿತ್ತು. ತೂಕ ಎರಡು ಕಿಲೋ ಕೂಡ ಇರಲಿಲ್ಲ, ಬೆನ್ನಿನ ಎಲುಬು ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿಕೊಂಡಿತ್ತು. ಕೆಂಚು ಬಣ್ಣದ ಆ ಮರಿಗೆ ಕೆಂಚ ಎಂದೇ ಹೆಸರಿಟ್ಟೆವು. ಅದರ ಊಟಕ್ಕೆ ತಿಂಗಳಿಗೆ 1,500 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾಗದೆಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಈಗ ಅದಕ್ಕೆ ಐದು ತಿಂಗಳು ದಾಟಿದೆ, ತೂಕ ಎಂಟು ಕಿಲೋ. ಈ ಅವಧಿಯಲ್ಲಿ ಅನ್ನ, ಬಿಡಿ ತಿನಿಸು, ಕಂಪನಿಗಳ ಒಣ ನಾಯಿ ಆಹಾರದ ಸಾಧಾರಣ ದರದ ಚೀಲ, ದುಬಾರಿ ಚೀಲ, ಗ್ರೇವಿ ಪೊಟ್ಟಣ ಎಲ್ಲವನ್ನೂ ತಂದು ನೋಡಿದ್ದೇನೆ. ಮರಿ ಸಾಕಲು ಹೊರಟು ಕೈಯಲ್ಲಿ ಹಣ ಕಡಿಮೆ ಇರುವವರಿಗೆ ನೆರವಾಗಲೆಂದು, ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ಮೊದಲ ಎರಡು ವಾರ ಅಮ್ಮನ ಮಾತಿನಂತೆ ಮೊಸರನ್ನ ಹಾಕಿದೆವು. "ನಮ್ಮ ಕಾಲದಲ್ಲಿ ಗಂಜಿ ಹಾಕಿಯೇ ನಾಯಿ ಸಾಕಿದ್ದಲ್ಲವೇನೋ" ಎಂದು ಅಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಆ ನಾಯಿಗಳು ಕೊಟ್ಟಿಗೆ, ಗದ್ದೆಬಯಲು ಸುತ್ತಿ ಇಲಿ, ಹೆಗ್ಗಣ, ಮೀನಿನ ತಲೆ ಎಂದು ಏನೇನೋ ತಿಂದು ತಮ್ಮ ಕೊರತೆಯನ್ನು ತುಂಬಿಕೊಳ್ಳುತ್ತಿದ್ದವು. ಒಂದು ಸೂಲಿನ ಆರು ಮರಿಗಳಲ್ಲಿ ಎಷ್ಟು ಉಳಿಯುತ್ತಿದ್ದವೆಂಬುದನ್ನು ಅಮ್ಮನೇ ಆಮೇಲೆ ನೆನೆದು ಸುಮ್ಮನಾದರು.

ಲೆಕ್ಕ ಹಾಕಿದಾಗ ವಿಷಯ ಸ್ಪಷ್ಟವಾಯಿತು. ಮೂರು ತಿಂಗಳ, ನಾಲ್ಕು ಕಿಲೋ ತೂಕದ ಮರಿಗೆ ದಿನಕ್ಕೆ ಹೆಚ್ಚುಕಡಿಮೆ 600 ಕ್ಯಾಲೊರಿ ಬೇಕು. ಅಷ್ಟನ್ನೂ ಅನ್ನದಿಂದಲೇ ಕೊಡಬೇಕೆಂದರೆ ಸುಮಾರು 450 ಗ್ರಾಂ ಅನ್ನ ಉಣಿಸಬೇಕು, ಅದರಲ್ಲಿ ಸಿಗುವ ಪ್ರೋಟೀನು 12 ಗ್ರಾಂ ಮಾತ್ರ. ನಾಯಿ ಆಹಾರಕ್ಕೆ ಅಳತೆಗೋಲು ಗೊತ್ತುಮಾಡುವ ಅಮೆರಿಕದ ಆಫ್ಕೊ ಸಂಸ್ಥೆಯ ಪ್ರಕಾರ ಬೆಳೆಯುವ ಮರಿಗೆ ಅದೇ 600 ಕ್ಯಾಲೊರಿಯೊಳಗೆ ಕನಿಷ್ಠ 33 ಗ್ರಾಂ ಪ್ರೋಟೀನ್ ಇರಬೇಕು. ಎರಡು ಮೊಟ್ಟೆ ಸೇರಿಸಿದರೂ 24 ಗ್ರಾಂ ಆಗುತ್ತದೆಯೇ ಹೊರತು 33 ಮುಟ್ಟುವುದಿಲ್ಲ. ಪ್ರೋಟೀನನ್ನು ಕೋಳಿಮಾಂಸದಿಂದ ಹೇಗೋ ತುಂಬಬಹುದು, ಆದರೆ ಸುಣ್ಣದಂಶದ ಕೊರತೆ ಅದರಿಂದ ನೀಗುವುದಿಲ್ಲ. ಅನ್ನದಲ್ಲಿಯೂ ಎಲುಬಿಲ್ಲದ ಮಾಂಸದಲ್ಲಿಯೂ ಕ್ಯಾಲ್ಸಿಯಂ ತೀರ ಕಡಿಮೆ, ಮಾಂಸದಲ್ಲಿ ರಂಜಕ ಮಾತ್ರ ಧಾರಾಳವಾಗಿರುತ್ತದೆ. ಹಾಗಾಗಿ ಬರೀ ಅನ್ನ–ಕೋಳಿ ತಿಂದು ಬೆಳೆದ ಮರಿಯ ದೇಹವು ತನ್ನ ಎಲುಬಿನಿಂದಲೇ ಸುಣ್ಣವನ್ನು ಹೀರಿಕೊಂಡು, ಮುಂಗಾಲು ಸೊಟ್ಟಗಾಗುವುದೂ ಸಣ್ಣ ನೆಗೆತಕ್ಕೆ ಎಲುಬು ಮುರಿಯುವುದೂ ಉಂಟು. ಮನೆಯ ಅಡುಗೆಯಿಂದಲೇ ಮರಿಯನ್ನು ಚೆನ್ನಾಗಿ ಬೆಳೆಸಲಾಗದೆಂದು ನಾನು ಹೇಳುತ್ತಿಲ್ಲ. ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟ ಅಳತೆಯಲ್ಲಿ ಮಾಂಸ, ಧಾನ್ಯ, ಮೊಟ್ಟೆಚಿಪ್ಪಿನ ಪುಡಿ, ಜೀವಸತ್ವಗಳನ್ನು ದಿನವೂ ತಪ್ಪದೆ ಹೊಂದಿಸುವವರು ಇದ್ದಾರೆ. ಆದರೆ ಅದು ಚೀಲದ ಆಹಾರಕ್ಕಿಂತ ಅಗ್ಗವಾಗುತ್ತದೆಂಬ ನಂಬಿಕೆ ಮಾತ್ರ ಸರಿಯಲ್ಲ.

ಎರಡನೆಯದಾಗಿ ಬಿಡಿ ತಿನಿಸು. ಊರಿನ ಒಂದು ಅಂಗಡಿಯಲ್ಲಿ ದೊಡ್ಡ ಚೀಲವನ್ನು ಬಾಯಿ ತೆರೆದಿಟ್ಟು, ಅವಲಕ್ಕಿ ತೂಗಿದಂತೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಕಿಲೋಗೆ 160 ರೂಪಾಯಿ. "ಮರಿಗೂ ದೊಡ್ಡದಕ್ಕೂ ಒಂದೇ ಸಾರ್, ಎಲ್ಲರೂ ಇದನ್ನೇ ಒಯ್ಯುತ್ತಾರೆ" ಎಂದರು. ಎರಡು ಕಿಲೋ ತಂದೆ. ಮನೆಗೆ ಬಂದು ಕವರ್ ಬಿಚ್ಚಿದಾಗ ಹಳೆಯ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ ಬಂತು. ಅಂಗೈಯಲ್ಲಿ ಉಜ್ಜಿದರೆ ಜಿಡ್ಡು ಅಂಟಿತು, ತಳದಲ್ಲಿ ಪುಡಿಯೇ ಹೆಚ್ಚಿತ್ತು. ಆದರೂ ತಂದದ್ದನ್ನು ಎಸೆಯಲು ಮನಸ್ಸು ಬರದೆ ಹಾಕಿದೆ. ಮೂರನೆಯ ದಿನ ಕೆಂಚನಿಗೆ ಭೇದಿ ಹತ್ತಿತು. ಪಶು ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಏನು ತಿನ್ನಿಸುತ್ತಿದ್ದೀರಿ, ಚೀಲ ತಂದಿದ್ದೀರಾ?" ಎಂಬುದು. ತೋರಿಸಲು ನನ್ನ ಬಳಿ ಒಂದು ಬಿಳಿ ಕವರಿನ ಹೊರತು ಏನೂ ಇರಲಿಲ್ಲ. ಯಾವ ಕಂಪನಿ, ತಯಾರಾದ ದಿನ ಯಾವುದು, ಮರಿಗೆ ಮಾಡಿದ್ದೋ ಬೆಳೆದ ನಾಯಿಗೆ ಮಾಡಿದ್ದೋ ಎಂಬ ಒಂದು ಪ್ರಶ್ನೆಗೂ ಉತ್ತರವಿರಲಿಲ್ಲ. ಭೇದಿಗೆ ಆ ತಿನಿಸೇ ಕಾರಣವೆಂದು ಸಾಧಿಸಲಾರೆ, ಏಕೆಂದರೆ ಜಂತುಹುಳುವೂ ಇತ್ತು. ಆದರೆ ಉಳಿಸಿದ ನೂರೆಂಬತ್ತು ರೂಪಾಯಿಯ ಮೂರು ಪಟ್ಟು ಔಷಧಿಗೆ ಹೋಯಿತು, ಎರಡು ರಾತ್ರಿ ಆ ಪುಟ್ಟ ಜೀವ ನರಳಿದ್ದು ಬೇರೆ. ತೆರೆದಿಟ್ಟ ಚೀಲದ ಕೊಬ್ಬು ಗಾಳಿ ತಾಗಿ ಕೆಡುತ್ತದೆ, ನಮ್ಮ ಮಲೆನಾಡಿನ ತೇವಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಈ ಬಿಡಿ ತಿನಿಸನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಮುಚ್ಚಿದ ಚೀಲಗಳ ಮಾತು. ಪೆಡಿಗ್ರಿ, ಡ್ರೂಲ್ಸ್ ಮುಂತಾದ ಹೆಸರುಗಳು ಈಗ ಸಣ್ಣ ಊರಿನ ಔಷಧಿ ಅಂಗಡಿಯಲ್ಲಿಯೂ ಸಿಗುತ್ತವೆ. ಮರಿಗಳಿಗಾಗಿಯೇ ಮಾಡಿದ ಇವುಗಳ 3 ಕಿಲೋ ಚೀಲ ನನಗೆ ಕಿಲೋಗೆ ಸರಾಸರಿ 250 ರೂಪಾಯಿಯಂತೆ ಬಿತ್ತು. ರಾಯಲ್ ಕ್ಯಾನಿನ್‌ನಂಥ ದುಬಾರಿ ಸಾಲಿನದು ಕಿಲೋಗೆ 800ರ ಹತ್ತಿರ ಹೋಯಿತು. ಪೆಡಿಗ್ರಿ ಮತ್ತು ರಾಯಲ್ ಕ್ಯಾನಿನ್ ಎರಡೂ ಮಾರ್ಸ್ ಎಂಬ ಒಂದೇ ಕಂಪನಿಗೆ ಸೇರಿದವೆಂಬುದು ಹಲವರಿಗೆ ಗೊತ್ತಿರಲಾರದು. ಒಂದೇ ಮನೆಯ ಎರಡು ಚೀಲಗಳ ನಡುವೆ ಇಷ್ಟು ಅಂತರವಿರುವುದರಿಂದ, ಹೆಸರನ್ನು ಬಿಟ್ಟು ಚೀಲದ ಹಿಂಬದಿಯನ್ನು ಓದುವುದೇ ಲೇಸು ಎಂದುಕೊಂಡೆ.

ಹಿಂಬದಿಯಲ್ಲಿ ಮೊದಲು ಹುಡುಕಬೇಕಾದದ್ದು ಇದು ಬೆಳವಣಿಗೆಯ ಹಂತಕ್ಕೆ ಸಾಲುವ ಸಂಪೂರ್ಣ ಆಹಾರವೆಂಬ ಮಾತನ್ನು. ಆ ಮಾತಿಲ್ಲದ ಚೀಲ ಮರಿಗೆ ಬೇಡ. ಎರಡನೆಯದು ಪ್ರೋಟೀನ್ ಮತ್ತು ಕೊಬ್ಬಿನ ಅಂಕೆ. ತೇವಾಂಶ ಕಳೆದ ಲೆಕ್ಕದಲ್ಲಿ ಮರಿಯ ಆಹಾರಕ್ಕೆ ಪ್ರೋಟೀನ್ ಕನಿಷ್ಠ ಶೇಕಡಾ 22.5, ಕೊಬ್ಬು ಶೇಕಡಾ 8.5 ಇರಬೇಕು, ಬೆಳೆದ ನಾಯಿಗಾದರೆ 18 ಮತ್ತು 5.5 ಸಾಕು. ಸಾಧಾರಣ ದರದ ಮರಿ ಚೀಲಗಳಲ್ಲಿ ಪ್ರೋಟೀನ್ 24ರ, ಕೊಬ್ಬು 10ರ ಆಸುಪಾಸಿನಲ್ಲಿರುತ್ತವೆ. ಅಂದರೆ ಅವು ಗೆರೆಯನ್ನು ದಾಟುತ್ತವೆ, ಆದರೆ ಬಹಳ ಮೇಲೇರುವುದಿಲ್ಲ. ಮೂರನೆಯದು ಪದಾರ್ಥಗಳ ಪಟ್ಟಿ, ಇದನ್ನು ಓದುವಾಗ ಎಚ್ಚರ ಬೇಕು. ಪಟ್ಟಿಯು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ ನಿಜ, ಆದರೆ ಅದು ಬೇಯಿಸುವ ಮುಂಚಿನ ತೂಕ. ಹಸಿ ಕೋಳಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರೇ ಇರುವುದರಿಂದ, ಪಟ್ಟಿಯಲ್ಲಿ ಕೋಳಿ ಮೊದಲು ಬಂದ ಮಾತ್ರಕ್ಕೆ ಚೀಲದೊಳಗಿನ ಒಣಗಿದ ಕಾಳಿನಂಥ ತಿನಿಸಿನಲ್ಲಿಯೂ ಅದೇ ಮೊದಲೆಂದು ತಿಳಿಯಬೇಕಿಲ್ಲ. ಹಾಗೆಯೇ ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟೆನ್, ಅಕ್ಕಿ, ಅಕ್ಕಿ ತೌಡು ಎಂದು ಧಾನ್ಯವನ್ನು ನಾಲ್ಕು ಹೆಸರಿನಲ್ಲಿ ಹಂಚಿ ಬರೆದಾಗ ಒಂದೊಂದೂ ಕೆಳಗಿಳಿಯುತ್ತದೆ, ಕೂಡಿಸಿದರೆ ಅದೇ ಮೇಲಿರುತ್ತದೆ. ಧಾನ್ಯವಿದ್ದರೆ ಆಹಾರ ಕೆಟ್ಟದ್ದೇನಲ್ಲ, ಬೇಯಿಸಿದ ಧಾನ್ಯವನ್ನು ನಾಯಿ ಚೆನ್ನಾಗಿಯೇ ಜೀರ್ಣಿಸಿಕೊಳ್ಳುತ್ತದೆ.

ಬೆಲೆಯನ್ನು ಕಿಲೋ ಲೆಕ್ಕದಲ್ಲಿ ನೋಡದೆ ದಿನದ ಲೆಕ್ಕದಲ್ಲಿ ನೋಡಬೇಕೆಂಬುದು ನನಗೆ ತಡವಾಗಿ ಹೊಳೆಯಿತು. ಇಂದಿನ ಕೆಂಚನಿಗೆ ದಿನಕ್ಕೆ ಸುಮಾರು 665 ಕ್ಯಾಲೊರಿ ಬೇಕು. ಸಾಧಾರಣ ಚೀಲದ 100 ಗ್ರಾಮಿನಲ್ಲಿ 350 ಕ್ಯಾಲೊರಿ ಎಂದಿಟ್ಟುಕೊಂಡರೆ 190 ಗ್ರಾಂ, ಅಂದರೆ ದಿನಕ್ಕೆ 48 ರೂಪಾಯಿ. ದುಬಾರಿ ಚೀಲದಲ್ಲಿ ಸತ್ವ ಸಾಂದ್ರವಾಗಿರುವುದರಿಂದ 166 ಗ್ರಾಂ ಸಾಕು, ಆದರೂ ದಿನಕ್ಕೆ 133 ರೂಪಾಯಿ, ತಿಂಗಳಿಗೆ 4,000. ಆ ಆಹಾರ ತಿಂದ ಹತ್ತು ದಿನ ಮಲ ಗಟ್ಟಿಯಾಗಿ, ಪ್ರಮಾಣವೂ ಕಡಿಮೆಯಾಗಿತ್ತೆಂಬುದನ್ನು ಒಪ್ಪಬೇಕು. ಕೈಲಾಗುವವರು ಅದನ್ನೇ ಕೊಡಲಿ. ನಮ್ಮಂಥವರು ಅದನ್ನು ಅರ್ಧ ತಿಂಗಳು ಕೊಟ್ಟು ಉಳಿದರ್ಧ ಬರೀ ಅನ್ನಕ್ಕೆ ಇಳಿಯುವುದಕ್ಕಿಂತ, ಸಾಧಾರಣ ಚೀಲವನ್ನೇ ವರ್ಷವಿಡೀ ತಪ್ಪದೆ ಕೊಡುವುದು ಮರಿಗೆ ಹಿತ. ಗ್ರೇವಿ ಪೊಟ್ಟಣದಲ್ಲಿ ನೀರಿನ ಪಾಲೇ ಶೇಕಡಾ 80ರಷ್ಟಿರುವುದರಿಂದ ಹೊಟ್ಟೆ ತುಂಬಿಸಲು ದಿನಕ್ಕೆ ಎಂಟೊಂಬತ್ತು ಪೊಟ್ಟಣ ಬೇಕು. ಕಾಯಿಲೆಯಿಂದ ಬಾಯಿ ಕೆಟ್ಟಾಗ ರುಚಿಗೆ ಒಂದು ಬೆರೆಸಲು ಸರಿ, ದಿನದ ಊಟಕ್ಕಲ್ಲ.

ಕೊನೆಗೆ ನಾನು ಡ್ರೂಲ್ಸ್‌ನ ಮರಿ ಚೀಲವನ್ನು ಆರಿಸಿಕೊಂಡೆ. ಅದು ನಮ್ಮ ಬೀದಿಯ ಅಂಗಡಿಯಲ್ಲಿ ಸದಾ ಹೊಸ ಸರಕಾಗಿ ಸಿಗುತ್ತದೆ, ಕೆಂಚನಿಗೆ ಒಗ್ಗಿದೆ. ನಿಮ್ಮ ಊರಿನಲ್ಲಿ ಬೇಗ ಖರ್ಚಾಗುವ ಚೀಲ ಬೇರೆಯದಾದರೆ ಅದನ್ನೇ ಕೊಳ್ಳಿ, ಏಕೆಂದರೆ ಒಂದೇ ದರ್ಜೆಯ ಎರಡು ಹೆಸರುಗಳ ನಡುವಿನ ವ್ಯತ್ಯಾಸಕ್ಕಿಂತ ಚೀಲ ಎಷ್ಟು ಹೊಸದೆಂಬುದು ಮುಖ್ಯ. ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ ಒಂದು ವಾರ ಹಿಡಿಯಿತು, ದಿನದಿಂದ ದಿನಕ್ಕೆ ಹೊಸದರ ಪಾಲನ್ನು ಹೆಚ್ಚಿಸುತ್ತ ಹೋದೆವು. ಆರಂಭದಲ್ಲಿ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸುತ್ತಿದ್ದೆ. ಕಾಳು ಉಬ್ಬಿ ಮೆತ್ತಗಾಗುತ್ತಿದ್ದಂತೆ ಕೋಳಿಸಾರಿನಂಥ ವಾಸನೆ ಏಳುತ್ತಿತ್ತು, ಕೆಂಚ ಮುಂಗಾಲೆರಡನ್ನೂ ತಟ್ಟೆಯೊಳಗೇ ಇಟ್ಟು, ಬಾಲದ ತುದಿಯವರೆಗೂ ಅಲುಗಾಡುತ್ತ ತಿನ್ನುತ್ತಿತ್ತು. ಈಗ ಒಣ ಕಾಳನ್ನೇ ಕರುಮುರು ಎಂದು ಅಗಿಯುತ್ತದೆ.

ಈ ಚೀಲದ ಜೊತೆಗೆ ಮನೆಯ ಪದಾರ್ಥವನ್ನು ಸೇರಿಸಿಯೇ ನಮ್ಮ ಲೆಕ್ಕ ಸರಿಹೊಂದಿದ್ದು. ದಿನದ ಕ್ಯಾಲೊರಿಯ ಹತ್ತನೇ ಒಂದು ಪಾಲು ಮೀರದಂತೆ ಹೊರಗಿನದನ್ನು ಕೊಟ್ಟರೆ ಸಮತೋಲ ಕೆಡುವುದಿಲ್ಲ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಸುಮಾರು 70 ಕ್ಯಾಲೊರಿ ಇರುತ್ತದೆ, ಅಷ್ಟಕ್ಕೆ 20 ಗ್ರಾಂ ಕಾಳು ಕಡಿಮೆ ಮಾಡುತ್ತೇನೆ. ಹೀಗೆ 170 ಗ್ರಾಂ ಕಾಳು ಮತ್ತು ಒಂದು ಮೊಟ್ಟೆಗೆ ದಿನಕ್ಕೆ 50 ರೂಪಾಯಿಯೊಳಗೆ ಮುಗಿಯುತ್ತದೆ, ತಿಂಗಳಿಗೆ 1,500 ಮೀರುವುದಿಲ್ಲ. ಮೊಟ್ಟೆಯನ್ನು ಹಸಿಯಾಗಿ ಕೊಡಬಾರದು, ಹಸಿ ಬಿಳಿಭಾಗವು ಬಯೋಟಿನ್ ಎಂಬ ಜೀವಸತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆ ಮೊಟ್ಟೆಯ ಬದಲು ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಒಂದು ತುಂಡು ಕೋಳಿ ಲಿವರ್ ಕೊಡುತ್ತೇವೆ. ಅದು ಅಗ್ಗವೆಂದು ದಿನವೂ ಹಾಕಿದರೆ ಎ ಜೀವಸತ್ವ ಅತಿಯಾಗುತ್ತದೆ. ಸಂಪೂರ್ಣ ಆಹಾರ ತಿನ್ನುವ ಮರಿಗೆ ಮೇಲಿನಿಂದ ಕ್ಯಾಲ್ಸಿಯಂ ಟಾನಿಕ್ ಬೇಕಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಯ ಮರಿಗಳಿಗಂತೂ ಸುಣ್ಣ ಹೆಚ್ಚಾದರೆ ಎಲುಬು, ಕೀಲುಗಳ ಬೆಳವಣಿಗೆಯೇ ಕೆಡುತ್ತದೆ. ಹಾಲು–ಬಿಸ್ಕತ್ತು ನಿಲ್ಲಿಸಿದ್ದೇವೆ. ಈರುಳ್ಳಿ ಬೆರೆತ ಸಾಂಬಾರು, ದ್ರಾಕ್ಷಿ, ಚಾಕೊಲೇಟು, ಬೇಯಿಸಿದ ಕೋಳಿಯ ಎಲುಬು ಇವನ್ನು ಪ್ರೀತಿಯಿಂದಲೂ ಕೊಡಬೇಡಿ.

ಜಂತುಹುಳುವಿನ ಔಷಧಿ ಕೊಡದೆ ಯಾವ ಆಹಾರವನ್ನೂ ಅಳೆಯಬೇಡಿ ಎಂದು ವೈದ್ಯರು ಹೇಳಿದ್ದನ್ನು ಇಲ್ಲಿ ಸೇರಿಸುವುದು ಅಗತ್ಯ. ಮೂರು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಎರಡನೆಯ ಸಲ ಕೊಟ್ಟ ಮೇಲೆಯೇ ಕೆಂಚನ ಉಬ್ಬಿದ ಹೊಟ್ಟೆ ಇಳಿದು ಬೆನ್ನು ತುಂಬತೊಡಗಿತು.

3 ಕಿಲೋ ಚೀಲ ನಮಗೆ ಹದಿನೇಳು ದಿನ ಬರುತ್ತದೆ. ಕಾಳನ್ನು ಡಬ್ಬಿಗೆ ಸುರಿಯದೆ, ಚೀಲದ ಬಾಯನ್ನು ಸುತ್ತಿ ಕ್ಲಿಪ್ ಹಾಕಿ, ಚೀಲಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ, ಬಿಚ್ಚಿದ ದಿನವನ್ನು ಪೆನ್ನಿನಿಂದ ಅದರ ಮೇಲೆ ಬರೆಯುತ್ತೇನೆ. 10 ಕಿಲೋ ಚೀಲದಲ್ಲಿ ಕಿಲೋಗೆ ಮೂವತ್ತು ನಲವತ್ತು ರೂಪಾಯಿ ಉಳಿಯುವುದು ನಿಜ, ಆದರೆ ಮಳೆಗಾಲದಲ್ಲಿ ಎರಡು ತಿಂಗಳು ಬಿಚ್ಚಿಟ್ಟ ಚೀಲವನ್ನು ನಾನು ನಂಬಲಾರೆ. ಫೆಬ್ರವರಿಯ ಒಣಹವೆ ಬರುವ ಹೊತ್ತಿಗೆ ಕೆಂಚನೂ ದಿನಕ್ಕೆ ಕಾಲು ಕಿಲೋ ತಿನ್ನುವಷ್ಟು ಬೆಳೆದಿರುತ್ತದೆ, ಆಗ ದೊಡ್ಡ ಚೀಲ ತರುತ್ತೇನೆ.