ಲಾಳಿ ಹಿಂದಕ್ಕೆ ಪುಟಿಯುತ್ತಿತ್ತು: ಫೋನಿನ ಸ್ಲೋ ಮೋಷನ್ ಜೊತೆ ಒಂದೂವರೆ ವರ್ಷ

ಈ ಫೋನಿನ ಬ್ಯಾಟರಿ, ಪರದೆ, ಸೆಲ್ಫಿ ಬಗ್ಗೆ ನಾನು ಬರೆಯುವುದಿಲ್ಲ. ಅವನ್ನೆಲ್ಲ ನೀವು ಓದಿಯೇ ಇರುತ್ತೀರಿ. ನಾನು ಇದನ್ನು ಕೊಂಡದ್ದು ಮಗ್ಗಕ್ಕಾಗಿ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮ್‌ಗಳ ಚಿಕ್ಕ ಶೆಡ್ಡು. ಹೋದ ವರ್ಷ ಮೂರನೇ ಮಗ್ಗ ಒಂದು ಗಂಟೆಯೂ ನೆಟ್ಟಗೆ ಓಡುತ್ತಿರಲಿಲ್ಲ. ಓಡುತ್ತಾ ಓಡುತ್ತಾ ಧಡ್ ಅಂತ ನಿಲ್ಲುತ್ತಿತ್ತು. ಅಡ್ಡ ನೂಲು ಹೊತ್ತು ಅತ್ತಿತ್ತ ಹಾರುವ ಲಾಳಿ ಹೊತ್ತಿಗೆ ಸರಿಯಾಗಿ ತುದಿಯ ಬಾಕ್ಸ್ ಸೇರದಿದ್ದರೆ, ಹಾಸು, ಅಂದರೆ ಉದ್ದ ನೂಲು, ಹರಿಯದಿರಲಿ ಅಂತ ಮಗ್ಗ ತಾನೇ ನಿಲ್ಲುತ್ತದೆ. ಅದು ಒಳ್ಳೆಯದೇ. ಆದರೆ ಲಾಳಿ ಯಾಕೆ ತಡವಾಗುತ್ತಿದೆ ಅನ್ನುವುದು ಗೊತ್ತಾಗಬೇಕಲ್ಲ? ನಿಮಿಷಕ್ಕೆ 150 ಪಿಕ್ ಓಡುವ ಮಗ್ಗ ಅದು. ಲಾಳಿ ಒಂದು ಸಲ ಈ ಬದಿಯಿಂದ ಆ ಬದಿಗೆ ಹಾರಿದರೆ ಒಂದು ಪಿಕ್. ಒಂದು ಪಿಕ್‌ಗೆ ಸಿಗುವುದು 0.4 ಸೆಕೆಂಡ್, ಅದರಲ್ಲೂ ಲಾಳಿ ಹಾರುವುದು ಅರ್ಧಕ್ಕಿಂತ ಕಡಿಮೆ ಹೊತ್ತು. ಕಣ್ಣಿಗೆ ಕಾಣುವುದು ಒಂದು ಕಂದು ಗೆರೆ.

ಬಟ್ಟೆ ಮಿಲ್ಲುಗಳಲ್ಲಿ ಇಂಥದ್ದನ್ನು ನೋಡಲು ಸ್ಟ್ರೋಬೊಸ್ಕೋಪ್ ಬಳಸುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ಆಸುಪಾಸಿನಲ್ಲಿ ಮಿಂಚುವ ದೀಪದಿಂದ ಓಡುವ ಮೋಟರನ್ನು ನಿಂತಂತೆ ಕಾಣಿಸಿದರಲ್ಲ, ಅದೇ ದಾರಿ. ತಿರುಗುವ ವೇಗಕ್ಕೆ ಹೊಂದಿಸಿ ದೀಪ ಮಿನುಗಿಸಿದರೆ ಯಂತ್ರ ನಿಂತಂತೆ ಕಾಣುತ್ತದೆ. ಪರಿಚಯದವರಿಂದ ಒಂದನ್ನು ತಂದು ನೋಡಿದೆ. ಪ್ರತಿ ಸುತ್ತಿನಲ್ಲೂ ಒಂದೇ ಥರ ಆಗುವುದನ್ನು ಅದು ಚೆನ್ನಾಗಿ ತೋರಿಸುತ್ತದೆ. ನನ್ನ ತೊಂದರೆ ಮುನ್ನೂರು ನಾನೂರು ಪಿಕ್‌ಗೆ ಒಂದು ಸಲ ಬರುವಂಥದ್ದು. ಅದಕ್ಕೆ ಆ ದೀಪ ಸಾಲದು, ನಡೆದದ್ದನ್ನು ಹಿಡಿದಿಟ್ಟುಕೊಳ್ಳುವ ಕ್ಯಾಮೆರಾ ಬೇಕು. ಕಾರ್ಖಾನೆಗೆಂದೇ ಮಾಡಿದ ಹೈಸ್ಪೀಡ್ ಕ್ಯಾಮೆರಾಗಳ ಬೆಲೆ ಲಕ್ಷಗಟ್ಟಲೆ. ಹಾಗಾಗಿ ಸೆಕೆಂಡಿಗೆ 960 ಫ್ರೇಮ್ ಎಂದು ಡಬ್ಬಿಯ ಮೇಲೇ ಬರೆದಿದ್ದ ಈ ಫೋನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 11 ಸಾವಿರಕ್ಕೆ ತೆಗೆದುಕೊಂಡೆ.

ಮೊದಲ ವಾರದ ಖುಷಿ ಹೇಳತೀರದು. ಹೊಕ್ಕಿನ, ಅಂದರೆ ಅಡ್ಡ ನೂಲಿನ, ಎಳೆ ಲಾಳಿಯ ಹಿಂದೆ ಸುರುಳಿ ಬಿಚ್ಚಿಕೊಂಡು ತೇಲುವುದನ್ನು ನನ್ನ ಹೆಂಡತಿಗೆ ತೋರಿಸಿದೆ. ಇಪ್ಪತ್ತು ವರ್ಷ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದವಳು, ಅದು ಹೀಗೆ ಬಿಚ್ಚಿಕೊಳ್ಳುವುದನ್ನು ಅವತ್ತೇ ಮೊದಲ ಸಲ ನೋಡಿದ್ದು. ಎರಡು ಸಲ ಹಾಕಿಸಿಕೊಂಡು ನೋಡಿದಳು.

ಆಮೇಲೆ ಕಷ್ಟ ಶುರುವಾಯಿತು. 960ರಲ್ಲಿ ಒಮ್ಮೆಗೆ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ತೊಂದರೆ ಯಾವ ಪಿಕ್‌ನಲ್ಲಿ ಬರುತ್ತದೋ ಗೊತ್ತಿಲ್ಲದಿರುವಾಗ ಬಟನ್ ಒತ್ತುವುದು ಯಾವಾಗ? ಅಂತೂ ಒಂದು ದಿನ ಒಂದು ತಪ್ಪು ಪಿಕ್ ಸಿಕ್ಕಿತು. ನಡುದಾರಿಯಲ್ಲಿ ಲಾಳಿಯ ಮೂತಿ ಮೇಲಕ್ಕೆ ಬಾಗಿದಂತೆ ಕಂಡಿತು. ಕೆಳಗಿನ ಹಾಸು ಪೂರ್ತಿ ಇಳಿಯುತ್ತಿಲ್ಲ, ಅದಕ್ಕೇ ಲಾಳಿ ಎಳೆಗಳ ಮೇಲೆ ಏರುತ್ತಿದೆ ಎಂದುಕೊಂಡೆ. ಹಾಸು ತೆರೆಯುವ ಎತ್ತರವನ್ನೇ ಬದಲಿಸಿದೆ. ಮಗ್ಗ ಇನ್ನೂ ಕೆಟ್ಟಿತು. ಹತ್ತು ದಿನ ಹೋಯಿತು, ಮಾರಲಾಗದ ಬಟ್ಟೆ ಬೇರೆ.

ಹಬ್ಬಕ್ಕೆ ಬಂದ ಅಕ್ಕನ ಮಗ, ಇಂಜಿನಿಯರಿಂಗ್ ಓದುತ್ತಿರುವವನು, ಆ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ಫ್ರೇಮ್ ಸರಿಸಿದ.

“ನೋಡಿ ಮಾವ, ಇದು ಚೂಪಾಗಿದೆ. ಮುಂದಿನ ಮೂರು ಕಲಸಿದ ಹಾಗಿವೆ. ಮತ್ತೆ ನಾಲ್ಕನೆಯದು ಚೂಪು.”

“ಅಂದರೆ ಏನೋ?”

“ಕ್ಯಾಮೆರಾ ನೋಡಿದ್ದು 240 ಮಾತ್ರ. ನಡುವಿನ ಮೂರು ಮೂರು ಫ್ರೇಮನ್ನು ಫೋನೇ ಊಹಿಸಿ ತುಂಬಿದೆ.”

ಹಾಸಿನ ಎಳೆಗಳು ಒಂದರ ಪಕ್ಕ ಒಂದು, ಎಲ್ಲವೂ ಒಂದೇ ರೂಪ. ಅವುಗಳ ನಡುವೆ ಓಡುವ ಲಾಳಿ ಎಲ್ಲಿದ್ದಿರಬೇಕು ಎಂದು ಲೆಕ್ಕ ಹಾಕಲು ಹೋಗಿ ಸಾಫ್ಟ್‌ವೇರ್ ಎಡವಿದೆ. ಬಾಗಿದ ಮೂತಿ ಮಗ್ಗದಲ್ಲಿ ಇರಲೇ ಇಲ್ಲ. ನನಗೆ ಆ ದಿನ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಮಗು ನೀರೆರಚುವುದನ್ನು ಚಂದವಾಗಿ ನೋಡಲು ಊಹೆಯ ಫ್ರೇಮ್ ಸಾಕು. ಆದರೆ ಯಂತ್ರದ ರೋಗ ಹುಡುಕುವವನಿಗೆ, ನಡೆಯದೇ ಇದ್ದದ್ದನ್ನು ನಡೆದಂತೆ ತೋರಿಸುವುದು ಮೋಸ. 1878ರಲ್ಲಿ ಮೈಬ್ರಿಜ್ ಎಂಬಾತ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ. ಆ ಚಿತ್ರಗಳ ಬೆಲೆಯೆಲ್ಲ ಇರುವುದು, ಪ್ರತಿಯೊಂದೂ ಆ ಗಳಿಗೆಯಲ್ಲಿ ಕುದುರೆಯಿಂದಲೇ ಬಂದ ಬೆಳಕು ಅನ್ನುವುದರಲ್ಲಿ. ಡಬ್ಬಿಯ ಮೇಲೆ ಅಷ್ಟು ದಪ್ಪಕ್ಷರದಲ್ಲಿ 960 ಎಂದು ಬರೆಯುವವರು, ನಿಜವಾಗಿ ಹಿಡಿಯುವುದು ಎಷ್ಟು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕಿತ್ತು.

ಮಾರಿಬಿಡಬೇಕು ಎಂದುಕೊಂಡಿದ್ದೆ. ಹುಡುಗ ತಡೆದ. “240 ನಿಜವಾದದ್ದೇ ಮಾವ, ಅದರಲ್ಲೇ ಮಾಡೋಣ” ಎಂದ. ಆ ಮಾತು ಕೇಳಿದ್ದು ಒಳ್ಳೆಯದಾಯಿತು.

240ರಲ್ಲಿ ದೊಡ್ಡ ಅನುಕೂಲ ಏನೆಂದರೆ ನಿಮಿಷಗಟ್ಟಲೆ ಬಿಡದೆ ಹಿಡಿಯುತ್ತದೆ. ರೆಕಾರ್ಡಿಂಗ್ ಹಾಕಿ ಸುಮ್ಮನೆ ಕೂರುವುದು. ಮಗ್ಗ ನಿಂತ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ, ಕೊನೆಯ ಹತ್ತು ಸೆಕೆಂಡ್ ಉಳಿಸಿ, ಮಿಕ್ಕದ್ದನ್ನು ಅಳಿಸುವುದು. ಕಳ್ಳ ಹೇಗೂ ಆ ಹತ್ತು ಸೆಕೆಂಡಿನಲ್ಲೇ ಇರುತ್ತಾನೆ.

ಬೆಳಕಿನ ಪಾಠ ಕಲಿಯಲು ಒಂದು ತಿಂಗಳು ಹಿಡಿಯಿತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೇ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ತಿಳಿಯದ್ದು ವಿಡಿಯೋದಲ್ಲಿ ರಪರಪ ಮಿನುಗುತ್ತದೆ. ಇನ್ನೊಂದು, ನಮ್ಮ ಲಾಳಿ ಹಾರುವುದು ಸೆಕೆಂಡಿಗೆ ಸುಮಾರು 9 ಮೀಟರ್, ಒಂದು ಫ್ರೇಮಿನಿಂದ ಮುಂದಿನದಕ್ಕೆ ಹತ್ತಿರ ಹತ್ತಿರ 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಫ್ರೇಮಿನುದ್ದಕ್ಕೂ ಶಟರ್ ತೆರೆದೇ ಇದ್ದರೆ ಅಷ್ಟೂ ಉದ್ದ ಮಸುಕು. ಈ ಫೋನಿನಲ್ಲಿ ಶಟರ್ ನಾವೇ ಇಡುವಂತಿಲ್ಲ, ಆದರೆ ಬೆಳಕು ಹೆಚ್ಚಿದಷ್ಟೂ ಅದು ತಾನಾಗಿ ಚುರುಕಾಗುತ್ತದೆ. ಬೈಕಿನ ಹಳೇ 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಜೋಡಿಸಿ, ಮಗ್ಗದ ಬಾಕ್ಸಿಗೆ ಒಂದು ಮೊಳ ದೂರದಲ್ಲಿ ಹಿಡಿದೆ. ಮಿನುಗು ನಿಂತಿತು, ಲಾಳಿಯ ಮೂತಿಯ ಲೋಹದ ತುದಿ ಹೊಳೆಯುತ್ತಾ ಎದ್ದು ಕಂಡಿತು. 400 ರೂಪಾಯಿಯ ಆ ಪಟ್ಟಿ ಮಾಡಿದ ಉಪಕಾರವನ್ನು ಫೋನೂ ಮಾಡಿಲ್ಲ.

ಈಗ ಬೆಳಗ್ಗೆ ಮಗ್ಗ ಹಾಕುವ ಮುಂಚೆ ನನ್ನದೊಂದು ಕ್ರಮವಿದೆ. ಮೊದಲು ಲೆನ್ಸಿನ ಮೇಲೆ ಕೂತ ನೂಲಿನ ಧೂಳನ್ನು ಹಳೇ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಗೋಡೆಗೆ ಒಂದು ಮೀಟರ್ ಎತ್ತರದಲ್ಲಿ ಗೆರೆ ಎಳೆದಿದ್ದೇನೆ, ಅಲ್ಲಿಂದ ಗೋಲಿ ಬಿಡುತ್ತೇನೆ. ಅದು ನೆಲ ಮುಟ್ಟಲು 0.45 ಸೆಕೆಂಡ್, ಅಂದರೆ 108 ಫ್ರೇಮ್. ಎಣಿಕೆ 108 ಬಂದರೆ ಫೋನು ಲೆಕ್ಕ ತಪ್ಪಿಲ್ಲ. ಆಮೇಲೆ ಲಾಳಿಯ ನಡುವೆ ಸುಣ್ಣದಲ್ಲಿ ಒಂದು ಗೆರೆ, ಬಾಕ್ಸಿನ ಅಂಚಿಗೆ ಸೆಂಟಿಮೀಟರಿಗೊಂದು ಚುಕ್ಕೆ. ಫೋನನ್ನು ಮಗ್ಗಕ್ಕೆ ಕಟ್ಟುವುದಿಲ್ಲ, ಅದು ನಡುಗುತ್ತದೆ. ಗೋಡೆಯ ಕಂಬಿಗೆ ಕಟ್ಟುತ್ತೇನೆ. ಲಾಳಿ ಹಾರುವ ನೇರಕ್ಕಂತೂ ಫೋನನ್ನೂ ಇಡುವುದಿಲ್ಲ, ನಾನೂ ನಿಲ್ಲುವುದಿಲ್ಲ. ಬಾಕ್ಸ್ ತಪ್ಪಿ ಹೊರಗೆ ಹಾರಿದ ಲಾಳಿ ಏನು ಮಾಡಬಲ್ಲದು ಎಂದು ಮಗ್ಗದ ಹತ್ತಿರ ಬೆಳೆದವರಿಗೆ ಗೊತ್ತು. ನೀವು ಹೊಸಬರಾಗಿದ್ದರೆ ದಯವಿಟ್ಟು ಇದನ್ನು ಮರೆಯಬೇಡಿ.

ಹೀಗೆ ಕೂತ ಮೂರನೇ ದಿನ ಸಿಕ್ಕಿತು. ಮಗ್ಗ ನಿಂತ ಪಿಕ್‌ನಲ್ಲಿ ಲಾಳಿ ಎಡದಿಂದ ಬಲಕ್ಕೆ ಹೋಗಲು 41 ಫ್ರೇಮ್ ತೆಗೆದುಕೊಂಡಿತ್ತು. ಸರಿ ಇದ್ದಾಗ 36. ಐದು ಫ್ರೇಮ್ ಅಂದರೆ ಸುಮಾರು 21 ಮಿಲಿಸೆಕೆಂಡ್ ತಡ. ಬಲಗಡೆ ಎಷ್ಟು ನೋಡಿದರೂ ಕಾರಣ ಕಾಣಲಿಲ್ಲ. ಒಂದು ಪಿಕ್ ಹಿಂದಕ್ಕೆ ಹೋಗಿ ಎಡಗಡೆ ನೋಡಿದೆವು. ಲಾಳಿ ಬಾಕ್ಸಿಗೆ ಬಂದು, ಅದನ್ನು ಹೊಡೆದು ತಳ್ಳುವ ಪಿಕ್ಕರ್‌ಗೆ ಬಡಿಯಿತು, ಬಡಿದದ್ದು ಅಲ್ಲೇ ನಿಲ್ಲದೆ ಎರಡು ಚುಕ್ಕೆಯಷ್ಟು ಹಿಂದಕ್ಕೆ ಪುಟಿದು ಕೂತಿತು! ಮುಂದಿನ ಏಟಿಗೆ ಪಿಕ್ಕರ್ ಆ ಎರಡು ಸೆಂಟಿಮೀಟರ್ ಖಾಲಿ ಓಡಿ, ಆಮೇಲೆ ಲಾಳಿಯನ್ನು ಮುಟ್ಟುತ್ತದೆ. ತಳ್ಳಲು ಸಿಗಬೇಕಾದ ಉದ್ದ ಅಷ್ಟು ಕಡಿಮೆಯಾಯಿತು, ಏಟು ಮೆತ್ತಗಾಯಿತು, ಲಾಳಿ ತಡವಾಯಿತು. ತಡವಾದದ್ದು ಬಲಗಡೆ, ತಪ್ಪು ಎಡಗಡೆ, ಅದೂ ಹಿಂದಿನ ಪಿಕ್‌ನಲ್ಲಿ. ನಾನು ಆರು ತಿಂಗಳು ಬಲಗಡೆಯ ಬಾಕ್ಸನ್ನೇ ಬಿಚ್ಚಿ ಜೋಡಿಸುತ್ತಿದ್ದೆ.

ಬಾಕ್ಸಿನೊಳಗೆ ಲಾಳಿಯನ್ನು ಒತ್ತಿ ನಿಲ್ಲಿಸುವ ಸ್ವೆಲ್ ಎಂಬ ಪಟ್ಟಿ ಇರುತ್ತದೆ. ಎಡಗಡೆಯ ಸ್ವೆಲ್‌ನ ಚರ್ಮ ಸವೆದು ನುಣುಪಾಗಿತ್ತು, ಸ್ಪ್ರಿಂಗೂ ಸಡಿಲ. ಚರ್ಮ ಹೊಸದು ಹಾಕಿ ಸ್ಪ್ರಿಂಗ್ ಬಿಗಿ ಮಾಡಿದೆ. ಮತ್ತೆ ವಿಡಿಯೋ ಹಿಡಿದಾಗ ಲಾಳಿ ಬಂದು ಬಡಿದು, ಬಡಿದಲ್ಲೇ ಕೂತಿತು. ಅವತ್ತು ಸಂಜೆಯವರೆಗೆ ಮಗ್ಗ ಎರಡೇ ಸಲ ನಿಂತದ್ದು, ಅದೂ ಎಳೆ ಕಡಿದದ್ದಕ್ಕೆ.

ಕೊರತೆಗಳು ಇನ್ನೂ ಇವೆ. ಏಪ್ರಿಲ್‌ನಲ್ಲಿ ಶೀಟಿನ ಶೆಡ್ಡಿನೊಳಗೆ ಹತ್ತು ನಿಮಿಷಕ್ಕೇ ಫೋನು ಕಾದು ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತದೆ, ಒದ್ದೆ ಬಟ್ಟೆ ಹೊದಿಸುವುದು ಕೆಟ್ಟ ಉಪಾಯ, ಟೇಬಲ್ ಫ್ಯಾನ್ ಸಾಕು. ವಾಟ್ಸಾಪಿನಲ್ಲಿ ವಿಡಿಯೋ ಎಂದೇ ಕಳಿಸಿದರೆ ಫ್ರೇಮಿನ ಲೆಕ್ಕ ಹಾಳಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಎಣಿಸಲು ಟ್ರ್ಯಾಕರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಭೌತಶಾಸ್ತ್ರದ ಪಾಠಕ್ಕೆಂದು ಮಾಡಿದ್ದು. ಹುಡುಗ ಅದನ್ನೇ ಬಳಸುತ್ತಾನೆ. ನಾನು ಈಗಲೂ ಬೆರಳಲ್ಲಿ ಸರಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.

ಕೊಳ್ಳಬಹುದೇ ಎಂದು ಕೇಳುವವರಿಗೆ: ನಿಜವಾದ 240 ಇರುವ ಯಾವ ಹಳೇ ಫೋನಾದರೂ ಆಗುತ್ತದೆ, 960ಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಉಳಿದ ದುಡ್ಡಲ್ಲಿ ಬೆಳಕು ತನ್ನಿ. ಐದು ನಕ್ಷತ್ರಕ್ಕೆ ಮೂರು ಕೊಡುತ್ತೇನೆ. ಆ ಡಬ್ಬಿಯ ಮಾತು ನಿಜವಾಗಿದ್ದರೆ ಐದೂ ಕೊಡುತ್ತಿದ್ದೆ.

ನಿನ್ನೆಯಿಂದ ಎರಡನೇ ಮಗ್ಗದ ಎಣಿಕೆ 36ರಿಂದ 38ಕ್ಕೆ ಏರಿದೆ. ಮಗ್ಗ ಇನ್ನೂ ಒಮ್ಮೆಯೂ ನಿಂತಿಲ್ಲ. ನಾಳೆ ಬೆಳಗ್ಗೆ ಗೋಲಿ ಬಿಟ್ಟು ನೋಡಿ, ಎಡಗಡೆಯ ಬಾಕ್ಸ್ ಬಿಚ್ಚುತ್ತೇನೆ.